ಗಲ್ಲಾದ ದುಡ್ಡು, ಮನೆಯ ದುಡ್ಡು

"ಸರ, ಲಾಭ ಐತಿ ಅಂತೀರಿ. ಹಂಗಾದ್ರ ದುಡ್ಡು ಎಲ್ಲೈತಿ?"

ಲೆಕ್ಕ ಮುಗಿಸಿ ಸಹಿಗೆಂದು ಕಾಗದ ಮುಂದಿಟ್ಟ ಕೂಡಲೇ ಬರುವ ಪ್ರಶ್ನೆ ಇದು. ಕೇಳುವವರು ದಾವಣಗೆರೆಯ ಕಿರಾಣಿ ಅಂಗಡಿಯವರಿರಬಹುದು, ಮಂಡಕ್ಕಿ ಭಟ್ಟಿಯವರಿರಬಹುದು, ಬಟ್ಟೆ ಅಂಗಡಿಯವರೋ ಲಾರಿ ಮಾಲೀಕರೋ ಇರಬಹುದು. ಪ್ರಶ್ನೆಯಲ್ಲಿ ಅನುಮಾನಕ್ಕಿಂತ ಸಂಕಟವೇ ಹೆಚ್ಚು. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದು ರಾತ್ರಿ ಹತ್ತಕ್ಕೆ ಹಾಕುವ ಮನುಷ್ಯನಿಗೆ ಕಾಗದದ ಮೇಲೆ ಮೂರೂವರೆ ಲಕ್ಷ ಲಾಭ ಕಾಣುತ್ತದೆ, ಬ್ಯಾಂಕಿನಲ್ಲಿ ಹನ್ನೊಂದು ಸಾವಿರ ಕಾಣುತ್ತದೆ. ಆಡಿಟರ್ ಎಲ್ಲೋ ತಪ್ಪು ಕೂಡಿಸಿದ್ದಾರೆ ಅನ್ನಿಸಿದರೆ ಅದು ಆ ಮನುಷ್ಯನ ತಪ್ಪಲ್ಲ.

ಡಿಸೆಂಬರ್ ತಿಂಗಳಿಡೀ ನಮ್ಮಂಥ ಆಡಿಟರ್‌ಗಳಿಗೆ ಇದೇ ಕೆಲಸ. ತಡವಾದ ಆದಾಯ ತೆರಿಗೆ ರಿಟರ್ನಿಗೂ ಜಿಎಸ್‌ಟಿ ವಾರ್ಷಿಕ ರಿಟರ್ನಿಗೂ 31ನೇ ತಾರೀಖೇ ಕಡೆಯ ದಿನ. 2025ರಲ್ಲಿ ಆಡಿಟ್ ಇರುವವರ ರಿಟರ್ನಿನ ಗಡುವು ಕೂಡ ಡಿಸೆಂಬರ್ 10ರವರೆಗೆ ಮುಂದಕ್ಕೆ ಹೋಗಿತ್ತು. ಹೀಗೆ ಒಂದೇ ತಿಂಗಳಲ್ಲಿ ಊರಿನ ಅರ್ಧ ಅಂಗಡಿಗಳ ಲೆಕ್ಕ ಕಣ್ಣ ಮುಂದೆ ಹಾದುಹೋಗುವಾಗ ಯಾವ ತಪ್ಪು ಎಲ್ಲರಲ್ಲೂ ಇದೆ ಎಂಬುದು ತಾನಾಗಿ ಕಾಣುತ್ತದೆ. ತೆರಿಗೆ ಉಳಿಸುವುದು ಹೇಗೆ, ಹಳೆ ಪದ್ಧತಿ ಒಳ್ಳೆಯದೋ ಹೊಸದೋ ಎಂಬುದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಈ ವರ್ಷದ ಕೊನೆಗೆ ನಾನು ಬರೆಯಬೇಕೆಂದಿರುವುದು ಆ ಒಂದು ತಪ್ಪಿನ ಬಗ್ಗೆ ಮಾತ್ರ: ಅಂಗಡಿಗೂ ಮನೆಗೂ ಒಂದೇ ಗಲ್ಲಾ, ಒಂದೇ ಬ್ಯಾಂಕ್ ಖಾತೆ, ಒಂದೇ ಕ್ಯೂಆರ್ ಕೋಡ್.

"ಅಷ್ಟೇನಾ" ಅನ್ನುತ್ತಾರೆ. ಎಲ್ಲರೂ ಹಾಗೇ ಅನ್ನುತ್ತಾರೆ, ಆಮೇಲೆ ಯಾರೂ ಮಾಡುವುದಿಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ, ತಾಳ್ಮೆಯಿಂದ ಓದಿ.

ಒಂದು ಕಿರಾಣಿ ಅಂಗಡಿ ಎಂದುಕೊಳ್ಳಿ. ತಿಂಗಳ ಮಾರಾಟ 6 ಲಕ್ಷ. ಅಸಲು ಕಳೆದು ಕೈಗೆ ಬರುವುದು ನೂರಕ್ಕೆ ಹತ್ತು, ಅಂದರೆ 60,000. ಅಂಗಡಿ ಬಾಡಿಗೆ 12,000, ಹುಡುಗನ ಸಂಬಳ 12,000, ಕರೆಂಟು, ಹಮಾಲಿ, ಕವರು ಇತ್ಯಾದಿ 6,000. ಉಳಿದದ್ದು 30,000. ವರ್ಷಕ್ಕೆ 3,60,000. ಇದೇ ನಾನು ಕಾಗದದಲ್ಲಿ ತೋರಿಸುವ ಲಾಭ. ಅಂಗಡಿ ಚೆನ್ನಾಗಿದೆ, ಕೊರತೆಯೇನೂ ಇಲ್ಲ.

ಈಗ ಮನೆ. ಮನೆ ಸಾಲದ ಕಂತು 14,000. ಮಕ್ಕಳ ಶಾಲೆ ಶುಲ್ಕವನ್ನು ಹನ್ನೆರಡು ತಿಂಗಳಿಗೆ ಹಂಚಿದರೆ 7,000. ಗಾಡಿಯ ಕಂತು 3,500. ಪೆಟ್ರೋಲು, ಗ್ಯಾಸು, ಕರೆಂಟು, ಮೊಬೈಲು 5,000. ತಾಯಿಯ ಬಿಪಿ ಶುಗರ್ ಮಾತ್ರೆ 2,500. ಮದುವೆ, ಗೃಹಪ್ರವೇಶ, ಮುಯ್ಯಿ 3,000. ಚೀಟಿ 4,000. ಇನ್ನೊಂದು ಇದೆ, ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ: ಅಂಗಡಿಯಿಂದಲೇ ಮನೆಗೆ ಹೋಗುವ ಅಕ್ಕಿ, ಎಣ್ಣೆ, ಸಕ್ಕರೆ, ಸೋಪು. ಅಸಲಿನ ದರದಲ್ಲೇ ಹಿಡಿದರೂ 6,000. ಕೂಡಿಸಿ ನೋಡಿ, 45,000 ಆಗುತ್ತದೆ.

ಅಂಗಡಿ ಕೊಡುವುದು ಮೂವತ್ತು, ಮನೆ ತೆಗೆದುಕೊಳ್ಳುವುದು ನಲವತ್ತೈದು. ಆ ಹದಿನೈದು ಸಾವಿರ ಎಲ್ಲಿಂದ ಬರುತ್ತದೆ?

ಏಜೆನ್ಸಿಯವರ ದುಡ್ಡಿನಿಂದ. ಬೇರೆಲ್ಲಿಂದಲೂ ಅಲ್ಲ. ಎಣ್ಣೆ ಏಜೆನ್ಸಿಯವರು ಮಾಲು ಇಳಿಸಿ ಹೋಗಿದ್ದಾರೆ, ಬಿಲ್ಲು ಕೊಡಬೇಕಾದದ್ದು ಮುಂದಿನ ವಾರ. ಮಾಲು ಮಾರಾಟವಾಯಿತು, ದುಡ್ಡು ಖಾತೆಗೆ ಬಿತ್ತು. ಆ ದುಡ್ಡಿನ ದೊಡ್ಡ ಪಾಲು ಏಜೆನ್ಸಿಯವರದ್ದು, ಇನ್ನೊಂದಷ್ಟು ಸರ್ಕಾರಕ್ಕೆ ಕಟ್ಟಬೇಕಾದ ಜಿಎಸ್‌ಟಿ, ಮತ್ತೊಂದಷ್ಟು ಹುಡುಗನ ಸಂಬಳ. ಆದರೆ ಮೊಬೈಲ್ ತೆರೆದು ನೋಡಿದಾಗ ಖಾತೆಯಲ್ಲಿ 1,40,000 ಎಂದು ಒಂದೇ ಅಂಕಿ ಕಾಣುತ್ತದೆ. ಕಣ್ಣಿಗೆ ಅದೆಲ್ಲ ನಮ್ಮದೇ. ಶಾಲೆಯವರು ಶುಲ್ಕ ಕೇಳಿದರು, ಅದರಿಂದಲೇ ಕಟ್ಟಿದ್ದಾಯಿತು. ಏಜೆನ್ಸಿಯ ಹುಡುಗ ಬಂದಾಗ "ಸೋಮವಾರ ಬಾರಪ್ಪ" ಎಂದದ್ದಾಯಿತು.

ತಿಂಗಳಿಗೆ ಹದಿನೈದು ಸಾವಿರ ಅಂದರೆ ವರ್ಷಕ್ಕೆ 1,80,000, ಮೂರು ವರ್ಷಕ್ಕೆ 5,40,000. ಮೊದಲ ವರ್ಷ ಗೊತ್ತಾಗುವುದಿಲ್ಲ. ಎರಡನೇ ವರ್ಷ ಏಜೆನ್ಸಿಯವರು ಉದ್ರಿ ನಿಲ್ಲಿಸಿ ನಗದು ಕೇಳುತ್ತಾರೆ, ಅಂಗಡಿಯ ಹಲಗೆಗಳು ಬರಿದಾಗತೊಡಗುತ್ತವೆ, ಗಿರಾಕಿ ಕೇಳಿದ್ದು ಸಿಗದೆ ಪಕ್ಕದ ಅಂಗಡಿಗೆ ಹೋಗುತ್ತಾನೆ. ಮೂರನೇ ವರ್ಷ ಹೆಂಡತಿಯ ಬಳೆ ಬ್ಯಾಂಕಿಗೆ ಹೋಗುತ್ತದೆ. ಆ ಸಾಲದ ಬಡ್ಡಿಯನ್ನು ಅಂಗಡಿ ಖರ್ಚು ಎಂದು ಬರೆಯಲು ಹೇಳುತ್ತಾರೆ. ಮನೆಗಾಗಿ ಮಾಡಿದ ಸಾಲದ ಬಡ್ಡಿಯನ್ನು ವ್ಯಾಪಾರದ ಖರ್ಚು ಎಂದು ತೋರಿಸಲು ಕಾನೂನು ಬಿಡುವುದಿಲ್ಲ, ಅದು ಬೇರೆ ಮಾತು. ಅಷ್ಟು ಹೊತ್ತಿಗೆ ಯಜಮಾನರು ತೀರ್ಮಾನಕ್ಕೆ ಬಂದಿರುತ್ತಾರೆ: "ಈ ದಂಧೆದಾಗ ಏನೂ ಉಳಿಯಂಗಿಲ್ಲ ಸರ. ಆನ್‌ಲೈನ್‌ನವರು ಬಂದು ಎಲ್ಲಾ ಹಾಳು ಮಾಡಿದ್ರು." ಆನ್‌ಲೈನ್‌ನವರಿಂದ ತೊಂದರೆ ಇಲ್ಲವೆಂದು ನಾನು ಹೇಳುತ್ತಿಲ್ಲ, ಇದೆ. ಆದರೆ ಈ ಅಂಗಡಿಯನ್ನು ಕೆಡವಿದ್ದು ಅವರಲ್ಲ. ಇದು ಕೊನೆಯ ದಿನದವರೆಗೂ ತಿಂಗಳಿಗೆ ಮೂವತ್ತು ಸಾವಿರ ದುಡಿದು ಕೊಡಬಲ್ಲ ಅಂಗಡಿಯಾಗಿತ್ತು.

ಇದರ ಉಲ್ಟಾ ಕೂಡ ಆಗುತ್ತದೆ. ಅದು ಇನ್ನೂ ಕಷ್ಟದ್ದು, ಏಕೆಂದರೆ ಯಾರೂ ಬಾಗಿಲು ತಟ್ಟುವುದಿಲ್ಲ. ಒಬ್ಬರು ಬಟ್ಟೆ ಅಂಗಡಿ ಇಟ್ಟುಕೊಂಡಿದ್ದರು. ಗುರುತು ಸಿಗದಂತೆ ವಿವರ ಬದಲಿಸಿ ಹೇಳುತ್ತಿದ್ದೇನೆ. ಅವರಿಗೆ ಚನ್ನಗಿರಿ ಕಡೆ ಅಪ್ಪ ಬಿಟ್ಟುಹೋದ ಅಡಿಕೆ ತೋಟ. ಅಡಿಕೆ ಮಾರಿದ ದುಡ್ಡು ಬೀಳುತ್ತಿದ್ದದ್ದು ಅಂಗಡಿಯ ಖಾತೆಗೇ. ಅಂಗಡಿ ತಿಂಗಳಿಗೆ ಏಳೆಂಟು ಸಾವಿರ ನಷ್ಟದಲ್ಲಿತ್ತು, ತೋಟ ಅದನ್ನು ತುಂಬುತ್ತಿತ್ತು. ಖಾತೆಯಲ್ಲಿ ಯಾವಾಗಲೂ ದುಡ್ಡು ಇರುತ್ತಿದ್ದರಿಂದ ಅವರಿಗೆ ಅಂಗಡಿ ನಡೆಯುತ್ತಿದೆ ಎಂದೇ ನಂಬಿಕೆ. ಆ ನಂಬಿಕೆಯ ಮೇಲೆ ಸಾಲ ಮಾಡಿ ಎರಡನೇ ಮಹಡಿ ತೆಗೆದರು. ಕೊನೆಗೆ ಸಾಲ ತೀರಿಸಲು ತೋಟದ ಒಂದು ಭಾಗ ಮಾರಬೇಕಾಯಿತು. ಅಮೆರಿಕದಲ್ಲಿರುವ ಮಗ ತಿಂಗಳು ತಿಂಗಳು ಕಳಿಸುವ ದುಡ್ಡು ಅಪ್ಪನ ಅಂಗಡಿಯ ಖಾತೆಗೆ ಬಿದ್ದು, ಅಪ್ಪನಿಗೆ ಎಪ್ಪತ್ತರಲ್ಲೂ ವ್ಯಾಪಾರ ಚೆನ್ನಾಗಿದೆ ಅನ್ನಿಸುವುದನ್ನೂ ನೋಡಿದ್ದೇನೆ. ಮಗ ಕೊಟ್ಟದ್ದಕ್ಕೆ ತಂದೆ ತೆರಿಗೆ ಕಟ್ಟಬೇಕಿಲ್ಲ, ಆ ಚಿಂತೆ ಬೇಡ. ಆದರೆ ಅಂಗಡಿ ಏನು ದುಡಿಯಿತು ಎನ್ನುವುದು ಅಪ್ಪನಿಗೂ ಗೊತ್ತಿಲ್ಲ, ಮಗನಿಗೂ ಗೊತ್ತಿಲ್ಲ. ಎರಡು ಹಸುವಿನ ಹಾಲನ್ನು ಒಂದೇ ತಂಬಿಗೆಗೆ ಕರೆದರೆ ಯಾವ ಹಸು ಬತ್ತಿದೆ ಎಂದು ಹೇಳುವುದು ಹೇಗೆ?

ನಮ್ಮ ಹಿರಿಯರು ಈ ವಿಷಯದಲ್ಲಿ ನಮಗಿಂತ ಶಿಸ್ತಿನವರು. ಹಳೆ ಪೇಟೆಯ ದಲಾಲಿ ಅಂಗಡಿಗಳ ಕೆಂಪು ಬಟ್ಟೆಯ ಕಿರ್ದಿ ಖಾತೆಗಳನ್ನು, ಅಂದರೆ ದಿನದ ಲೆಕ್ಕದ ಪುಸ್ತಕಗಳನ್ನು, ಆಸ್ತಿ ವಿಭಾಗದ ವ್ಯಾಜ್ಯಗಳಿಗಾಗಿ ನೋಡಬೇಕಾಗಿ ಬರುತ್ತದೆ. ಪ್ರತಿದಿನ ಸಂಜೆ ಶಿಲ್ಕು, ಅಂದರೆ ಕೈಯಲ್ಲಿ ಉಳಿದ ನಗದು, ತೆಗೆದಿರುತ್ತಾರೆ. ಮನೆ ಖರ್ಚಿಗೆಂದೇ ಬೇರೆ ಖಾತೆ, ಧರ್ಮಕ್ಕೆ ಬೇರೆ ಖಾತೆ. ಹೆಣ್ಣುಮಕ್ಕಳಿಗೆ ಹಬ್ಬಕ್ಕೆ ತಂದ ಸೀರೆ, ಜಾತ್ರೆಗೆ ಕೊಟ್ಟ ವಂತಿಗೆ, ಮೊಮ್ಮಗನಿಗೆ ಕೊಟ್ಟ ನಾಲ್ಕಾಣೆ, ಎಲ್ಲವೂ ಮನೆ ಖಾತೆಗೆ ಬಿದ್ದಿರುತ್ತದೆ. ಆ ಯಜಮಾನರಲ್ಲಿ ಹಲವರು ನಾಲ್ಕನೇ ಇಯತ್ತೆ ದಾಟಿದವರಲ್ಲ. ದೀಪಾವಳಿಗೆ ಹೊಸ ಪುಸ್ತಕಕ್ಕೆ ಪೂಜೆ ಮಾಡುವಾಗ ಮನೆ ಖಾತೆಯ ಬಾಕಿ ನೋಡಿ, ಮುಂದಿನ ವರ್ಷ ಎಷ್ಟರಲ್ಲಿ ನಡೆಸಬೇಕು ಎಂದು ಮನೆಯವರ ಮುಂದೆಯೇ ಮಾತಾಡುತ್ತಿದ್ದರಂತೆ. ಇವತ್ತು ಪೂಜೆ ಉಳಿದಿದೆ, ಪುಸ್ತಕದಲ್ಲಿ ಮೊದಲ ಪುಟದ 'ಶ್ರೀ' ಬಿಟ್ಟರೆ ಏನೂ ಇರುವುದಿಲ್ಲ. ಯುಪಿಐ ಬಂದು ಎಷ್ಟೋ ಅನುಕೂಲವಾಗಿದೆ, ಅದನ್ನು ದೂರುವುದಿಲ್ಲ. ಆದರೆ ಆ ಹಿರಿಯರು ಕೈಯಾರೆ ಎಳೆದಿದ್ದ ಗೆರೆಯನ್ನು ಗೋಡೆಗೆ ಅಂಟಿಸಿದ ಒಂದು ಕ್ಯೂಆರ್ ಕೋಡ್ ಅಳಿಸಿ ಹಾಕಿತು.

ಅಳಿಸಿದ್ದರ ಬೆಲೆ ಎಷ್ಟೆಂದು 2025ರ ಜುಲೈಯಲ್ಲಿ ಇಡೀ ರಾಜ್ಯಕ್ಕೆ ಗೊತ್ತಾಯಿತು. ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ಜಮೆಗಳನ್ನು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ 1.63 ಕೋಟಿ ರೂಪಾಯಿ ವಹಿವಾಟಿನ ಮೇಲೆ 29 ಲಕ್ಷ ತೆರಿಗೆ ಎಂದು ಬಂದ ನೋಟಿಸ್ ಸುದ್ದಿಯಾಯಿತು. ಬೆಂಗಳೂರಿನಲ್ಲಿ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು 'ನಗದು ಮಾತ್ರ' ಎಂದು ಬರೆದು ಹಾಕಿದರು. ಬಳಿಕ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂದು ಹೇಳಿದ ಮೇಲೆ ಗದ್ದಲ ತಣ್ಣಗಾಯಿತು. ಹಾಲು, ತರಕಾರಿ, ಹಣ್ಣು, ಹೂವಿನಂಥ ವಿನಾಯಿತಿ ಇರುವ ಪದಾರ್ಥಗಳನ್ನು ಮಾತ್ರ ಮಾರುವವರಿಗೆ ನೋಂದಣಿಯೇ ಬೇಡ. ಉಳಿದ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ನೋಂದಣಿ ಬೇಕು. ಅದರಲ್ಲೂ ಒಳ ನಿಯಮಗಳಿವೆ, ನಿಮ್ಮ ಅಂಗಡಿಯ ಮಟ್ಟಿಗೆ ಯಾವುದು ಎಂದು ನಿಮ್ಮ ಆಡಿಟರನ್ನೇ ಕೇಳಿ.

ಆ ತಿಂಗಳು ನನ್ನ ಬಳಿ ಬಂದ ಫ್ಯಾನ್ಸಿ ಸ್ಟೋರಿನವರೊಬ್ಬರ ಕೈ ನಡುಗುತ್ತಿತ್ತು. ಒಂದು ವರ್ಷದಲ್ಲಿ ಅವರ ಖಾತೆಗೆ ಯುಪಿಐ ಮೂಲಕ ಬಂದದ್ದು 47 ಲಕ್ಷ. ಅವರ ಅಂಗಡಿ ಅಷ್ಟು ವ್ಯಾಪಾರ ಮಾಡುವಂಥದ್ದಲ್ಲ, ಹತ್ತಡಿಗೆ ಎಂಟಡಿ, ನಡುವೆ ನಿಲ್ಲಲು ಜಾಗವಿಲ್ಲ. ಸ್ಟೇಟ್‌ಮೆಂಟ್ ಅಚ್ಚು ಹಾಕಿಸಿ, ಒಂದೊಂದೇ ಸಾಲಿಗೆ ಬಣ್ಣದ ಪೆನ್ನಿನಿಂದ ಗುರುತು ಹಾಕುತ್ತಾ ಹೋದೆವು. ಅಂಗಡಿಯ ಮಾರಾಟ 29 ಲಕ್ಷ. ಓಣಿಯವರ ಚೀಟಿ ದುಡ್ಡು ಇವರ ಕೈಯಲ್ಲೇ ಓಡಾಡುತ್ತಿತ್ತು, ಅದು 8 ಲಕ್ಷ. (ಚೀಟಿ ನಡೆಸುವುದಕ್ಕೂ ಕಾನೂನಿದೆ, ಅದನ್ನು ಅವರಿಗೆ ಬೇರೆಯಾಗಿ ಹೇಳಬೇಕಾಯಿತು.) ಇವರ ತಮ್ಮ ತನ್ನ ಸೈಟು ಮಾರಿದಾಗ ಬಂದ ಮುಂಗಡವನ್ನು ಲಕ್ಷ ಲಕ್ಷದಂತೆ ಐದು ದಿನ ಇವರಿಗೆ ಕಳಿಸಿದ್ದು 5 ಲಕ್ಷ. ಕೈಗಡ ಕೊಟ್ಟದ್ದು ವಾಪಸ್ ಬಂದದ್ದು 3 ಲಕ್ಷ. ಉಳಿದ 2 ಲಕ್ಷ ಏನೆಂದು ಅವರಿಗೆ ಎಷ್ಟು ಹೊತ್ತಾದರೂ ಹೊಳೆಯಲಿಲ್ಲ. ಎಲ್ಲ ಆಗಸ್ಟ್ ಸೆಪ್ಟೆಂಬರಿನವು, ನೂರಾ ಒಂದು, ಐನೂರಾ ಒಂದು, ಸಾವಿರದ ಒಂದು. ಆಮೇಲೆ ನೆನಪಾಯಿತು, ಗಣಪತಿ ವಂತಿಗೆ! ಓಣಿಯ ಗಣಪತಿಗೆ ಅವರೇ ಖಜಾಂಚಿ. ಪೆಂಡಾಲಿನಲ್ಲಿ ಅಂಗಡಿಯ ಕ್ಯೂಆರ್ ಕೋಡನ್ನೇ ತೂಗುಹಾಕಿದ್ದರು.

ಅಂಗಡಿಯ 29 ಲಕ್ಷಕ್ಕೆ ಆರು ಲಕ್ಷದಷ್ಟು ನಗದು ಮಾರಾಟ ಸೇರಿಸಿದರೂ 40 ದಾಟುತ್ತಿರಲಿಲ್ಲ. ಅವರಿಗೆ ನೋಟಿಸ್ ಬರುವ ಕಾರಣವೇ ಇರಲಿಲ್ಲ. ನಿದ್ದೆಗೆಟ್ಟದ್ದು, ಅಂಗಡಿ ಮುಚ್ಚಿ ಅಲೆದದ್ದು ಪೂರ್ತಿ ಆ ಒಂದೇ ಖಾತೆಯಿಂದ. ಅದೇ ವಾರ ಅವರಿಗಿಂತ ದೊಡ್ಡ ವ್ಯಾಪಾರದ ಇನ್ನೊಬ್ಬರು ಬಂದರು. ಖರೀದಿ ಬಿಲ್ಲುಗಳ ಫೈಲು, ಅಂಗಡಿಗೇ ಮೀಸಲಾದ ಖಾತೆ, ದಿನದ ಮಾರಾಟ ಬರೆದ ನೋಟ್‌ಬುಕ್. ಉತ್ತರ ಸಿದ್ಧಪಡಿಸಲು ಅರ್ಧ ಗಂಟೆ ಹಿಡಿಯಲಿಲ್ಲ.

ನಗದಿಗೆ ಮರಳಿದರೆ ಬಚಾವ್ ಎಂದುಕೊಂಡವರಿಗೆ ಒಂದು ಮಾತು. ಜಿಎಸ್‌ಟಿ ಲೆಕ್ಕ ವಹಿವಾಟಿನ ಮೇಲೆ, ದುಡ್ಡು ಯಾವ ರೂಪದಲ್ಲಿ ಬಂತು ಎಂಬುದರ ಮೇಲಲ್ಲ. ಕ್ಯೂಆರ್ ಕಿತ್ತದ್ದರಿಂದ ಗಿರಾಕಿ ಕಡಿಮೆಯಾದರೇ ಹೊರತು ಹೊಣೆ ಕಡಿಮೆಯಾಗಲಿಲ್ಲ.

"ನಮ್ದು 44ಎಡಿ ಒಳಗ ಹಾಕಿಬಿಡ್ರಿ ಸರ, ಪುಸ್ತಕ ಬರ‍್ಯೋದು ಬ್ಯಾಡಂತಲ್ಲ" ಎನ್ನುವವರು ಇನ್ನೊಂದು ಗುಂಪು. ಸರಿ, 2 ಕೋಟಿಯವರೆಗಿನ ವಹಿವಾಟಿಗೆ, ನಗದು ಜಮೆ ನೂರಕ್ಕೆ 5 ಮೀರದಿದ್ದರೆ 3 ಕೋಟಿಯವರೆಗೆ, ವಹಿವಾಟಿನ ನೂರಕ್ಕೆ 8, ಬ್ಯಾಂಕ್ ಮೂಲಕ ಬಂದದ್ದಕ್ಕೆ ನೂರಕ್ಕೆ 6 ಲಾಭ ಎಂದು ತೋರಿಸಿ ತೆರಿಗೆ ಕಟ್ಟಲು ಆದಾಯ ತೆರಿಗೆ ಕಾಯ್ದೆಯ 44ಎಡಿ ಕಲಮು ಕೊಡುವ ಅವಕಾಶ ಅದು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಈ ಕಲಮಿನ ನಂಬರು ಬೇರೆ. ಆದರೆ ಆ ಕಲಮು ಪುಸ್ತಕ ಬೇಡವೆಂದದ್ದು ಇಲಾಖೆಯ ಸಲುವಾಗಿ. ನಿಮ್ಮ ಅಂಗಡಿಯ ಆರೋಗ್ಯ ತಿಳಿಯಲು ಪುಸ್ತಕ ಬೇಡವೆಂದು ಯಾವ ಕಾಯ್ದೆಯೂ ಹೇಳಿಲ್ಲ. ನೂರಕ್ಕೆ 6 ಲಾಭ ಎಂದು ಕಾಗದದಲ್ಲಿ ಬರೆದ ಮಾತ್ರಕ್ಕೆ ಅಂಗಡಿ ನೂರಕ್ಕೆ 6 ದುಡಿಯಿತು ಎಂದಾಗುವುದಿಲ್ಲ. ಬೇರೆ ಬೇರೆ ಮುಖಗಳಿಗೆ ಇದನ್ನೇ ಹೇಳುತ್ತಾ ಬಂದಿದ್ದೇನೆ, ಇನ್ನೂ ಹೇಳುತ್ತೇನೆ.

ಹಾಗಾದರೆ ಮಾಡಬೇಕಾದದ್ದೇನು? ಎರಡು ಖಾತೆ ತೆರೆಯಿರಿ ಎಂದರೆ ಮುಗಿಯಲಿಲ್ಲ. ಎರಡು ಖಾತೆ ತೆರೆದು ಎರಡರಿಂದಲೂ ಮನಸ್ಸು ಬಂದಂತೆ ತೆಗೆಯುವವರೂ ಇದ್ದಾರೆ. ಮುಖ್ಯವಾದದ್ದು ಮನೆಗೆ ಒಂದು ಮೊತ್ತ ಗೊತ್ತುಮಾಡುವುದು. ಮೂರು ತಿಂಗಳು ಮನೆ ತೆಗೆದುಕೊಂಡದ್ದನ್ನೆಲ್ಲ ಬರೆಯಿರಿ, ಅಂಗಡಿಯ ಹಲಗೆಯಿಂದ ಹೋದ ಸೋಪಿನ ಸಮೇತ. ಜೂನಿನ ಶಾಲೆ ಶುಲ್ಕ, ವಿಮೆಯ ಕಂತು, ಹಬ್ಬಗಳನ್ನು ಹನ್ನೆರಡು ತಿಂಗಳಿಗೆ ಹಂಚಿ ಸೇರಿಸಿ. ಬಂದ ಮೊತ್ತವನ್ನು ಅಂಗಡಿಯ ನಿಜವಾದ ಉಳಿಕೆಯ ಪಕ್ಕದಲ್ಲಿಟ್ಟು ನೋಡಿ. ಉಳಿಕೆಗಿಂತ ಹೆಚ್ಚಿದ್ದರೆ ಆ ಕ್ಷಣ ಬೇಸರವಾಗುತ್ತದೆ. ಆಗಲಿ. ಮೂರು ವರ್ಷ ಬಿಟ್ಟು ಬಳೆ ಅಡವಿಡುವಾಗ ಆಗುವ ಬೇಸರಕ್ಕಿಂತ ಇದು ಚಿಕ್ಕದು. ಅಂಗಡಿ ತಡೆಯುವಷ್ಟನ್ನು ಗೊತ್ತುಮಾಡಿ, ಪ್ರತಿ ತಿಂಗಳು ಒಂದೇ ತಾರೀಖಿಗೆ ಮನೆಯ ಖಾತೆಗೆ ಹಾಕಿ. ಆಮೇಲೆ ಮನೆಯ ಯಾವ ಖರ್ಚೂ ಅಂಗಡಿಯ ಖಾತೆಯನ್ನು ಮುಟ್ಟಬಾರದು. ಆಸ್ಪತ್ರೆಯಂಥ ತುರ್ತು ಬಂದರೆ ತೆಗೆಯಿರಿ, ಖಂಡಿತ ತೆಗೆಯಿರಿ, ಆದರೆ ಬರೆದಿಟ್ಟು ತೆಗೆಯಿರಿ.

ಇದು ಒಬ್ಬರೇ ಯಜಮಾನರಾಗಿರುವ ಅಂಗಡಿಯ ಮಾತು. ಕಾನೂನಿನ ಕಣ್ಣಲ್ಲಿ ಅಲ್ಲಿ ನೀವೂ ಅಂಗಡಿಯೂ ಒಂದೇ, ಪ್ಯಾನ್ ಕೂಡ ಒಂದೇ. ಹಾಗಾಗಿ ಮನೆಗೆ ತೆಗೆದ ದುಡ್ಡಿಗೆ ಬೇರೆ ತೆರಿಗೆಯೇನಿಲ್ಲ, ಖರ್ಚಾಗಿ ತೋರಿಸುವಂತೆಯೂ ಇಲ್ಲ. ಅಣ್ಣತಮ್ಮಂದಿರ ಪಾಲುದಾರಿಕೆಯಾದರೆ ಕಥೆ ಬೇರೆ: 2025ರ ಏಪ್ರಿಲ್‌ನಿಂದ ಪಾಲುದಾರರಿಗೆ ಕೊಡುವ ಸಂಬಳ, ಬಡ್ಡಿ ವರ್ಷಕ್ಕೆ 20,000 ದಾಟಿದರೆ ನೂರಕ್ಕೆ 10 ಟಿಡಿಎಸ್ (ಕೊಡುವಾಗಲೇ ಮುರಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯಬೇಕು. ಅಲ್ಲಿ ಯಾರು ಎಷ್ಟು ತೆಗೆದರು ಎಂದು ಬರೆಯದೆ ಹೋದರೆ ತೆರಿಗೆಗಿಂತ ಮೊದಲು ಸಂಬಂಧ ಕೆಡುತ್ತದೆ. ಕಂಪನಿಯಾದರೆ ಇನ್ನೂ ಬಿಗಿ, ಕೇಳದೆ ಒಂದು ರೂಪಾಯಿ ತೆಗೆಯಬೇಡಿ.

ಈ ವರ್ಷ ನನಗೆ ತುಂಬ ಸಂತೋಷ ಕೊಟ್ಟವರು ಒಂದು ಮಂಡಕ್ಕಿ ಭಟ್ಟಿಯ ದಂಪತಿ. ಗಂಡ ಬಿಸಿ ಮರಳಿನ ಮುಂದೆ ನಿಲ್ಲುತ್ತಾರೆ. ಅರಳಿದ ಮಂಡಕ್ಕಿಯನ್ನು ಜರಡಿ ಹಿಡಿದು, ಚೀಲ ತುಂಬಿ, ಬಾಯಿ ಹೊಲಿದು, ಎಷ್ಟು ಚೀಲ ಯಾರಿಗೆ ಹೋಯಿತು ಎಂದು ನೆನಪಿಟ್ಟುಕೊಳ್ಳುವವರು ಹೆಂಡತಿ. ಮನೆ ಖರ್ಚು ಎಷ್ಟೆಂದು ಕೇಳಿದೆ. ಗಂಡ ಥಟ್ಟನೆ "ಹದಿನೈದು ಸಾವಿರ ಸರ, ಜಾಸ್ತಿ ಇಲ್ಲ" ಎಂದರು. ಆಕೆ ಏನೂ ಹೇಳಲಿಲ್ಲ. ಮುಂದಿನ ಸಲ ಬರುವಾಗ ಚೀಲದಲ್ಲಿ ಸುತ್ತಿ ಒಂದು ಕ್ಯಾಲೆಂಡರ್ ತಂದಿದ್ದರು. ಹಾಲಿನ ಲೆಕ್ಕ ಬರೆಯುವ ಚೌಕಗಳಲ್ಲೇ ಸಣ್ಣಕ್ಷರದಲ್ಲಿ ಭಟ್ಟಿಯ ದುಡ್ಡಿನಿಂದ ಮನೆಗೆ ಬಂದದ್ದೆಲ್ಲ ಇತ್ತು. ಕೂಡಿಸಿದರೆ ತಿಂಗಳಿಗೆ 31,000. ಗಂಡ ಎರಡು ಸಲ ಕೂಡಿಸಿ ನೋಡಿದರು, ಆಮೇಲೆ "ಇಷ್ಟ್ ದಿನ ಯಾಕ್ ಹೇಳ್ಲಿಲ್ಲ?" ಎಂದರು. "ನೀವು ಕೇಳ್ಲಿಲ್ಲ" ಎಂದರು ಆಕೆ.

ಈಗ ಅವರ ಮನೆಗೆ ಬೇರೆ ಖಾತೆಯಿದೆ, ಅದು ಆಕೆಯ ಹೆಸರಿನಲ್ಲಿದೆ, ತಿಂಗಳಿಗೆ 26,000 ಅಲ್ಲಿಗೆ ಹೋಗುತ್ತದೆ. ಐದು ಸಾವಿರ ಎಲ್ಲಿ ಕಡಿಮೆ ಮಾಡಬೇಕೆಂದು ತೀರ್ಮಾನಿಸಿದ್ದೂ ಆಕೆಯೇ. ಜರಡಿ ಹಿಡಿಯುವ ಕೆಲಸಕ್ಕೆ ಹೊರಗಿನವರನ್ನು ಇಟ್ಟಿದ್ದರೆ ಎಷ್ಟು ಕೂಲಿ ಕೊಡಬೇಕಿತ್ತು ಎಂದು ಗಂಡನೇ ಲೆಕ್ಕ ಹಾಕಿ, ಅದನ್ನು ಆಕೆಗೆ ಕೊಡಬಹುದೇ ಎಂದು ಕೇಳಿದರು. ಕೊಡಬಹುದು, ಕೊಡಬೇಕು ಎಂದೇ ನನ್ನ ಅಭಿಪ್ರಾಯ. ತೆರಿಗೆಯ ಲೆಕ್ಕದಲ್ಲಿ ಮಾತ್ರ ಹೆಂಡತಿಗೆ ಕೊಟ್ಟ ಸಂಬಳವನ್ನು ಗಂಡನ ಆದಾಯಕ್ಕೇ ಸೇರಿಸುವ ನಿಯಮವಿದೆ, ಅದಕ್ಕೆ ವಿನಾಯಿತಿಗಳೂ ಇವೆ. ಹಾಗಾಗಿ ನೋಡಿಕೊಂಡು ಮಾಡಬೇಕು.

ಶುರುಮಾಡಲು ಏಪ್ರಿಲ್ 1ರವರೆಗೆ ಕಾಯುವುದು ಬೇಡ. ಜನವರಿ, ಫೆಬ್ರವರಿ, ಮಾರ್ಚ್ ಬರೆದರೆ ಹೊಸ ಆರ್ಥಿಕ ವರ್ಷಕ್ಕೆ ಮನೆಯ ಮೊತ್ತ ಕೈಯಲ್ಲಿರುತ್ತದೆ. ನಮಗೂ 31ರ ಗಡಿಬಿಡಿ ಮುಗಿದು ಜನವರಿ ಮೊದಲ ವಾರ ಸ್ವಲ್ಪ ಪುರುಸೊತ್ತು ಇರುತ್ತದೆ, ಆಗ ಬನ್ನಿ. ಬ್ಯಾಂಕ್ ಸ್ಟೇಟ್‌ಮೆಂಟ್, ಏಜೆನ್ಸಿಯವರಿಗೆ ಕೊಡಬೇಕಾದ ಬಾಕಿ ಪಟ್ಟಿ ತನ್ನಿ. ಮನೆಯವರನ್ನೂ ಕರೆದುಕೊಂಡು ಬನ್ನಿ, ಖರ್ಚಿನ ಸರಿಯಾದ ಅಂಕಿ ಅವರ ಹತ್ತಿರವೇ ಇರುತ್ತದೆ.